ಹಿಮಚಿರತೆ ತನ್ನ ಬಾಲ ತಾನೇ ಕಚ್ಚಿಕೊಂಡದ್ದು

ಲೋಕ ಇನ್ನೂ ಹೊಸದಾಗಿದ್ದ ಕಾಲ ಅದು. ಎಷ್ಟು ಹೊಸದು ಅಂದರೆ, ಯಾವುದಕ್ಕೂ ಒಂದು ಕಡೆ ಕೂತು ಅಭ್ಯಾಸವೇ ಇರಲಿಲ್ಲ. ಉತ್ತರದ ದೊಡ್ಡ ಬೆಟ್ಟಗಳು ಆಗತಾನೇ ಎದ್ದು ನಿಂತಿದ್ದವು, ಇನ್ನೂ ಕಾಲು ಬದಲಾಯಿಸುತ್ತಿದ್ದವು. ಹೊಳೆ ಇವತ್ತು ಈ ಕಣಿವೆಯಲ್ಲಿ ಹರಿದರೆ ನಾಳೆ ಇನ್ನೊಂದರಲ್ಲಿ. ಗಾಳಿಯ ವಿಷಯವಂತೂ ಕೇಳಲೇಬೇಡ. ಏನನ್ನೋ ಕಳೆದುಕೊಂಡವನ ಹಾಗೆ ಹಗಲೂ ರಾತ್ರಿ ಸುತ್ತುತ್ತಿತ್ತು.

ಕೂರಬೇಕು ಅಂತ ಆಸೆಪಟ್ಟದ್ದು ಹಿಮ ಒಂದೇ. ಆಕಾಶದಿಂದ ಅಷ್ಟು ದೂರ ಇಳಿದು ಬಂದು, ಸುಸ್ತಾಗಿ, ಬೆಟ್ಟದ ಹೆಗಲ ಮೇಲೆ ಮೆಲ್ಲಗೆ ಕೂರುತ್ತಿತ್ತು. ಆದರೆ ಹಿಮಚಿರತೆ ಕೂರಲು ಬಿಡಬೇಕಲ್ಲ?

ಆ ಬೆಟ್ಟದಲ್ಲಿ ಒಬ್ಬಳು ತಾಯಿ ಹಿಮಚಿರತೆ ಇದ್ದಳು. ಬೂದಿ ಬಣ್ಣದ ಮೈ, ಅದರ ತುಂಬ ಹೊಗೆಯ ಉಂಗುರದಂಥ ಮಚ್ಚೆಗಳು, ಹೆಚ್ಚುಕಮ್ಮಿ ಮೈಯಷ್ಟೇ ಉದ್ದದ ದಪ್ಪ ಬಾಲ. ಚೆಂದಕ್ಕೇನೂ ಕಮ್ಮಿಯಿಲ್ಲ. ಬಾಯಿ ಮಾತ್ರ ದೊಡ್ಡದು. ಆಗ ಅವಳಿಗೆ ಘರ್ಜನೆ ಇತ್ತು, ಸಿಂಹಕ್ಕಿಂತ ಒಂದು ಕೈ ಮೇಲೇ. ಹಸಿವಾದರೆ ಘರ್ಜನೆ. ಹೊಟ್ಟೆ ತುಂಬಿದರೆ ಘರ್ಜನೆ. ಬೆಟ್ಟದ ಮೇಕೆ ತಪ್ಪಿಸಿಕೊಂಡು ಓಡಿದರೆ, ಮೇಕೆಯ ಅಜ್ಜಿ ಮುತ್ತಜ್ಜಿಯನ್ನೆಲ್ಲ ಸೇರಿಸಿ ಘರ್ಜನೆ.

ಅವಳು ಬಾಯಿ ತೆರೆದಾಗಲೆಲ್ಲ ಮೇಲೆ ಕೂತ ಹಿಮ ಬೆಚ್ಚಿಬಿದ್ದು, ಜಾರಿ, ದಡದಡ ಕೆಳಗೆ ಬರುತ್ತಿತ್ತು.

"ಸ್ವಲ್ಪ ಮೆಲ್ಲಗೆ ತಂಗಿ, ಈಗಷ್ಟೇ ಕೂತಿದ್ದೆ," ಅಂತ ಹಿಮ ಬೇಡಿಕೊಳ್ಳುತ್ತಿತ್ತು.

"ನನ್ನ ಬಾಯಿ, ನನ್ನಿಷ್ಟ. ಗಟ್ಟಿಯಾಗಿ ಹಿಡಿದುಕೊಂಡು ಕೂರೋಕೆ ನಿನಗೇನು ಧಾಡಿ?" ಅನ್ನುತ್ತಿದ್ದಳು ಅವಳು.

ಅವಳಿಗೆ ಒಂದೇ ಮರಿ. ಅದೂ ಹಾಗೇ. ಕೂರು ಅಂದರೆ ಹತ್ತುತ್ತಿತ್ತು, ಇಳಿ ಅಂದರೆ ಇನ್ನೂ ಮೇಲೆ ಹತ್ತುತ್ತಿತ್ತು.

ಒಂದು ಬೆಳಿಗ್ಗೆ, "ಗುಹೆ ಬಿಟ್ಟು ಕದಲಬೇಡ," ಅಂತ ಹೇಳಿ ಅವಳು ಬೇಟೆಗೆ ಹೋದಳು. ತಿರುಗಿ ಬಂದು ನೋಡಿದರೆ ಗುಹೆ ಖಾಲಿ. ಮರಿ ಎದುರಿನ ಇಳಿಜಾರಿನಲ್ಲಿ, ಹಿಮದ ನಟ್ಟನಡುವೆ, ತನ್ನ ನೆರಳಿನ ಮೇಲೆ ತಾನೇ ಹಾರಿ ಹಾರಿ ಬೀಳುತ್ತಿತ್ತು.

ಅವಳ ಎದೆ ಧಸಕ್ ಅಂತು. ಎದೆ ಧಸಕ್ ಅಂದ ಮರುಗಳಿಗೆ ಸಿಟ್ಟು ನೆತ್ತಿಗೇರಿತು.

"ಏಯ್! ಹೇಳಿ ಹೋದದ್ದು ಏನು, ನೀನು ಮಾಡ್ತಾ ಇರೋದು ಏನು? ಬಾ ಇಲ್ಲಿ, ಕಾಲು ಮುರೀತೀನಿ!"

ಬೆಟ್ಟ ನಡುಗಿತು. ಹಿಮ ಜಾರಿತು. ಬಿಳಿ ಧೂಳು ಎದ್ದು ಕಣ್ಣಿಗೆ ಏನೂ ಕಾಣದಾಯಿತು. ಧೂಳು ಇಳಿದಾಗ ಇಳಿಜಾರು ಅಲ್ಲೇ ಇತ್ತು, ಮರಿ ಇರಲಿಲ್ಲ.

ಅವಳು ಕರೆಯಲು ಬಾಯಿ ತೆರೆದಳು. ಗಾಳಿ ಓಡಿ ಬಂದು ಮುಖಕ್ಕೇ ಅಡ್ಡ ನಿಂತಿತು. "ಮುಚ್ಚು ಬಾಯಿ! ಮೇಲೆ ನೋಡು."

ಮೇಲೆ ಅರ್ಧ ಹಿಮ ಇನ್ನೂ ನೇತಾಡುತ್ತಿತ್ತು. "ತಂಗಿ, ನನ್ನ ಹಿಡಿತ ತಪ್ತಾ ಇದೆ," ಅಂತು ಹಿಮ. "ಇನ್ನೊಂದು ಸಲ ಕೂಗಿದರೆ ನಾನೂ ಬೀಳ್ತೀನಿ, ಮರಿಯ ಮೇಲೇ ಬೀಳ್ತೀನಿ. ಮರಿ ಎಲ್ಲಿದೆ ಅಂತ ಮಾತ್ರ ಕೇಳಬೇಡ. ಕೆಳಗೆ ಉರುಳಿದ ನನ್ನರ್ಧಕ್ಕೆ ತಲೆ ಯಾವುದು ಕಾಲು ಯಾವುದು ಅಂತಲೇ ಗೊತ್ತಾಗ್ತಿಲ್ಲ."

ಅವಳು ಬಾಯಿ ಮುಚ್ಚಿದಳು. ಆದರೆ ಘರ್ಜನೆ ಹೊಟ್ಟೆಯಿಂದ ಎದ್ದು ಎದೆಗೆ ಬಂತು, ಎದೆಯಿಂದ ಗಂಟಲಿಗೆ ಬಂತು. ಹಲ್ಲು ಕಚ್ಚಿದಳು. ಹಲ್ಲಿನ ಸಂದಿಯಿಂದ 'ಗುರ್' ಅಂತ ನುಸುಳಿತು. ಮೇಲಿನಿಂದ ಒಂದು ಹಿಡಿ ಹಿಮ ಉದುರಿತು.

ಪಂಜದಿಂದ ಬಾಯಿ ಮುಚ್ಚಿಕೊಳ್ಳೋಣ ಅಂದರೆ ಮರಿಯನ್ನು ಅಗೆದು ತೆಗೆಯುವವರು ಯಾರು? ಬೇರೆ ದಾರಿ ಕಾಣದೆ ತನ್ನ ದಪ್ಪ ಬಾಲವನ್ನು ಎಳೆದುಕೊಂಡು ತನ್ನ ಬಾಯಿಗೆ ತಾನೇ ತುರುಕಿಕೊಂಡಳು. ಬಾಯಿತುಂಬ ಕೂದಲು. ಘರ್ಜನೆ ಬಂತು, ಬಾಲಕ್ಕೆ ಬಡಿಯಿತು, ವಾಪಸ್ಸು ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು.

ಹಾಗೇ ಎದುರಿನ ಇಳಿಜಾರಿಗೆ ಓಡಿದಳು. ಇಲ್ಲಿ ಅಗೆದಳು, ಇಲ್ಲ. ಅಲ್ಲಿ ಅಗೆದಳು, ಇಲ್ಲ. ಎಲ್ಲಿ ನೋಡಿದರೂ ಒಂದೇ ಬಿಳುಪು. ಅವಳು ತಲೆಯೆತ್ತಿ ಗಾಳಿಯನ್ನು ನೋಡಿದಳು. ಕೇಳಲು ಬಾಯಿ ಖಾಲಿಯಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಕಣ್ಣಲ್ಲೇ ಕೇಳಿದಳು.

"ನಾನು ನಿಲ್ಲೋದಾ? ನಿಂತರೆ ನನ್ನನ್ನ ಗಾಳಿ ಅಂತ ಯಾರು ಕರೀತಾರೆ ಮಾರಾಯ್ತಿ?" ಅಂತು ಗಾಳಿ. ಆಮೇಲೆ ಅವಳ ಕಣ್ಣು ನೋಡಿತು. "ಸರಿ. ಬೇಗ ಮುಗಿಸು. ನನಗೆ ತಡೆಯೋಕಾಗಲ್ಲ." ಉಸಿರು ಬಿಗಿಹಿಡಿದು ನಿಂತಿತು.

ಬೆಟ್ಟದಲ್ಲಿ ಅಂಥ ಮೌನ ಯಾವತ್ತೂ ಆಗಿರಲಿಲ್ಲ. ಆ ಮೌನದ ಅಡಿಯಿಂದ ಒಂದು ಸಣ್ಣ ಸದ್ದು ಬಂತು.

ಪುಫ್.

ಮರಿ ಮೂಗಿಗೆ ಹೊಕ್ಕ ಹಿಮವನ್ನು ಊದುತ್ತಿತ್ತು. ಇಷ್ಟು ಸಣ್ಣ ಸದ್ದನ್ನು ಅವಳು ಅದುವರೆಗೆ ಕೇಳಿಯೇ ಇರಲಿಲ್ಲ. ಹೇಗೆ ಕೇಳಿಸೀತು? ಇವಳ ಬಾಯಿ ನಿಂತಿದ್ದರೆ ತಾನೆ?

ಅವಳೂ ಮೂಗಿನಿಂದಲೇ ಅಂದಳು, ಪುಫ್.

ಪುಫ್ ಪುಫ್, ಅಂತು ಅಡಿಯಿಂದ.

ಅವಳು ಅಗೆದಳು. "ಆಯ್ತಾ?" ಅಂತು ಗಾಳಿ ಹಲ್ಲು ಕಚ್ಚಿ. ಅಗೆದಳು. "ಇನ್ನೂ ಆಗಲಿಲ್ವಾ?" ಅಗೆದಳು. ಗಾಳಿಯ ಉಸಿರು ತಡೆಯಲಾರದೆ ಭುಸ್ಸೆಂದು ಹೊರಗೆ ಬಂತು, ಸದ್ದು ಮುಳುಗಿಹೋಯಿತು. ಅಷ್ಟರಲ್ಲಿ ಅವಳ ಪಂಜಕ್ಕೆ ಒಂದು ಮೆತ್ತನೆಯ ಕಿವಿ ತಾಗಿತ್ತು.

ಮರಿಯನ್ನು ಕತ್ತು ಕಚ್ಚಿ ಎತ್ತಬೇಕು. ಎತ್ತಬೇಕಾದರೆ ಬಾಲ ಬಿಡಬೇಕು. ಬಾಲ ಬಿಟ್ಟರೆ ಈಗ ಖುಷಿಗೇ ಘರ್ಜನೆ ಬಂದುಬಿಡುತ್ತದೆ! ಅವಳು ಬಿಡಲಿಲ್ಲ. ಮರಿಯೇ ಹೊರಗೆ ತೆವಳಿ ಬಾಲದ ನಡುಭಾಗಕ್ಕೆ ಬಾಯಿ ಹಾಕಿತು. ತಾಯಿಯ ಬಾಯಲ್ಲೂ ಅದೇ ಬಾಲ, ಮರಿಯ ಬಾಯಲ್ಲೂ ಅದೇ ಬಾಲ, ಇಬ್ಬರೂ ಅಡ್ಡಾದಿಡ್ಡಿ ಹೆಜ್ಜೆ ಹಾಕುತ್ತಾ ಗುಹೆಯ ಬಂಡೆ ಸೇರಿದರು. ಅವರು ಸೇರಿದ್ದೇ ತಡ, ಹಿಮ "ಅಬ್ಬಾ!" ಅಂತ ಕೈಬಿಟ್ಟಿತು. ಇಳಿಜಾರು ಪೂರ್ತಿ ಮುಚ್ಚಿಹೋಯಿತು.

ಗುಹೆಯಲ್ಲಿ ಮರಿ ಕಿವಿ ಮಡಚಿಕೊಂಡು ಕೂತಿತು. "ಅಮ್ಮಾ, ಈಗ ಬೈಯಿ. ನಾನು ರೆಡಿ."

ಅವಳು ಬಾಲ ಬಿಟ್ಟು ಬಾಯಿ ಅಗಲಿಸಿದಳು. ಅಷ್ಟು ಸಲ ನುಂಗಿದ ಘರ್ಜನೆ ಎಲ್ಲಿಗೆ ಹೋಯಿತೋ, ಮತ್ತೆ ಮೇಲೆ ಬರಲೇ ಇಲ್ಲ. ಬಂದದ್ದು, ಪುಫ್.

"ಅಷ್ಟೇನಾ?" ಅಂತು ಮರಿ.

"ಅಷ್ಟೇ. ಕಿವಿ ಇದ್ದವರಿಗೆ ಅಷ್ಟು ಸಾಕು," ಅಂದು ಅವಳು ಮರಿಯ ಮುಖವನ್ನು ಉಜ್ಜಿ ಉಜ್ಜಿ ನೆಕ್ಕಿದಳು.

ಅವತ್ತಿನಿಂದ ಹಿಮಚಿರತೆ ಘರ್ಜಿಸುವುದಿಲ್ಲ. ನೆಮ್ಮದಿಯಾಗಿ ಒಂದು ಕಡೆ ಕೂರುವುದೂ ಇಲ್ಲ; ಬಂಡೆಯಿಂದ ಬಂಡೆಗೆ, ಸದ್ದಿಲ್ಲದೆ, ಮೇಲೆ ನೋಡುತ್ತಾ ನಡೆಯುತ್ತಲೇ ಇರುತ್ತದೆ. ಅದು ತನ್ನ ಬಾಲವನ್ನು ತಾನೇ ಕಚ್ಚಿಕೊಂಡಿರುವ ಚಿತ್ರ ಕಂಡರೆ ಆಟ ಆಡುತ್ತಿದೆ ಅಂತ ನಗಬೇಡ ಮಗಾ, ಅದರ ತಲೆಯ ಮೇಲೆ ಎಲ್ಲೋ ಹಿಮ ಕೂತಿದೆ, ಹತ್ತಿರದಲ್ಲೇ ಎಲ್ಲೋ ಒಂದು ಮರಿ ಹೇಳಿದ ಮಾತು ಕೇಳದೆ ಓಡಾಡುತ್ತಿದೆ.