ಬಿದ್ದವನು ಕೂಗಬೇಕು

"ಗುರುಗಳೇ, ಕಠಿಣವಾದ ಇಂಗ್ಲಿಷ್ ಪದಗಳನ್ನು ಎಷ್ಟು ಬಾಯಿಪಾಠ ಮಾಡಿದರೂ ಬೇಕಾದಾಗ ಒಂದೂ ನಾಲಿಗೆಗೆ ಬರುವುದಿಲ್ಲ. ಬರುವ ವಾರ ಕೆಲಸದ ಸಂದರ್ಶನವಿದೆ. ಏನು ಮಾಡಲಿ?" ಎಂದು ದಾಕ್ಷಾಯಿಣಿ ಕೇಳಿದಳು.

"ಹೇಗೆ ಓದುತ್ತೀಯ?"

"ಕೋಣೆಯ ಬಾಗಿಲು ಹಾಕಿಕೊಂಡು, ಒಬ್ಬಳೇ."

ಗುರುಗಳು ನಕ್ಕು ಕತೆ ಹೇಳಿದರು.

ಒಂದು ಊರಿನ ಗರಡಿಯಲ್ಲಿ ಒಬ್ಬ ಪೈಲ್ವಾನನಿದ್ದ. ಆಳು ಗಟ್ಟಿ, ಜಂಬ ಇನ್ನೂ ಗಟ್ಟಿ. ಆ ಗರಡಿಯಲ್ಲಿ ಒಂದು ಪದ್ಧತಿ. ಬಿದ್ದವನು ಎದುರಾಳಿ ಹಾಕಿದ ಯಾವ ಪಟ್ಟಿನಿಂದ ಬಿದ್ದೆನೆಂದು ತಾನೇ ಕೂಗಿ ಹೇಳಬೇಕು, ಆಮೇಲೆ ಬೆನ್ನಿನ ಮಣ್ಣು ಒರೆಸಿಕೊಳ್ಳಬೇಕು. ಪೈಲ್ವಾನನಿಗೆ ಇದು ಸುತರಾಂ ಒಗ್ಗಲಿಲ್ಲ. ತಾನು ಬೀಳುವುದೆಂದರೇನು, ಅದನ್ನು ತಾನೇ ಸಾರುವುದೆಂದರೇನು! ಅವನು ಅಖಾಡದ ಕಟ್ಟೆಯ ಮೇಲೆ ಕೂತು ಎಲ್ಲ ಪಟ್ಟುಗಳನ್ನೂ ನೋಡಿಕೊಂಡ. ಮನೆಗೆ ಹೋಗಿ ಕಂಬವನ್ನು ತಬ್ಬಿ ಅಭ್ಯಾಸ ಮಾಡಿದ. ಕಂಬ ಒಂದು ದಿನವೂ ಅವನನ್ನು ಕೆಡವಲಿಲ್ಲ.

ಪರವೂರಿನ ಜಟ್ಟಿಯೊಬ್ಬ ಬಂದು ಗರಡಿಗೆ ಸವಾಲು ಹಾಕಿದ. "ನನ್ನನ್ನೇ ಕಳಿಸಿ, ನನಗೆ ಬಾರದ ಪಟ್ಟೇ ಇಲ್ಲ" ಎಂದು ಪೈಲ್ವಾನ ಕುಸ್ತಿ ಕಲಿಸುವ ಉಸ್ತಾದರ ಕಾಲು ಹಿಡಿದ. ಕಳಿಸಿದರು. ಕೈಗೆ ಕೈ ಕೂಡಿದ್ದೇ ತಡ, ಕಲಿತದ್ದೆಲ್ಲ ಮರೆತುಹೋಯಿತು. ಜಟ್ಟಿ ಢಾಕ್ ಪಟ್ಟು ಹಾಕಿ ಸೊಂಟದ ಮೇಲಿಂದ ಎತ್ತಿ ಒಗೆದ. ಊರೆಲ್ಲ ನೋಡುತ್ತಿತ್ತು. ಅವಮಾನದಿಂದ ಪೈಲ್ವಾನನ ಕಣ್ಣು ತುಂಬಿತು. ಆದರೂ ಅವನಿಗೆ ತನ್ನ ಜಂಬಕ್ಕಿಂತ ಗರಡಿಯ ಮರ್ಯಾದೆ ದೊಡ್ಡದು. ಎದ್ದು ನಿಂತು "ಢಾಕ್!" ಎಂದು ಕೂಗಿದ.

ಉಸ್ತಾದರು ಅವನನ್ನು ಅಪ್ಪಿಕೊಂಡು, "ಇವತ್ತು ನೀನು ನಮ್ಮ ಗರಡಿಯವನಾದೆ" ಎಂದರು.

ಮರುದಿನ ಅವನು ಮಣ್ಣಿಗಿಳಿದ. ದಿನವೂ ಬಿದ್ದ, ದಿನವೂ ಕೂಗಿದ. ಮುಂದಿನ ವರ್ಷ ಅದೇ ಜಟ್ಟಿ ಅದೇ ಪಟ್ಟು ಹಾಕಿದಾಗ ಇವನ ಮೈ ತಾನಾಗಿ ತಿರುಗಿತು, ಜಟ್ಟಿ ಕೆಳಗಿದ್ದ. ಮುದುಕನಾದ ಮೇಲೂ ಪೈಲ್ವಾನ ಗೆದ್ದ ಕುಸ್ತಿಗಳ ಮಾತೆತ್ತುತ್ತಿರಲಿಲ್ಲ. "ಢಾಕ್ ನನಗೆ ಆ ಜಟ್ಟಿ ಕಲಿಸಿದ್ದು, ಊರೇ ಸಾಕ್ಷಿ" ಎಂದು ಮೀಸೆ ತಿರುವುತ್ತಿದ್ದ.

ಕತೆ ಮುಗಿಯಿತು. ದಾಕ್ಷಾಯಿಣಿ ತಲೆ ತಗ್ಗಿಸಿದಳು.

"ಜನ ನಗುತ್ತಾರೆಂದೇ ನನಗೆ ಭಯ, ಗುರುಗಳೇ. ಕಾಲೇಜಿನಲ್ಲಿ ಒಮ್ಮೆ ಎಲ್ಲರೆದುರು 'ಕಾನ್ಶಿಯೆನ್ಶಸ್' ಎನ್ನಲು ಹೋಗಿ ನಾಲಿಗೆ ತೊಡರಿತು. ಇಡೀ ತರಗತಿ ನಕ್ಕಿತು. ಅವತ್ತಿನಿಂದ ನಾನು ಬಾಯಿ ಬಿಟ್ಟಿಲ್ಲ."

"ಆ ಪದವನ್ನು ಈಗ ಎಷ್ಟು ಸಲೀಸಾಗಿ ಹೇಳಿದೆ, ಕೇಳಿಸಿತೇನಮ್ಮ?" ಎಂದರು ಗುರುಗಳು.