ಜಡೆಯನ ಪಾಳಿ ನೀರು

ಹೂಂಗುಟ್ಟುವವರು ಹೂಂಗುಟ್ಟಿ. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ನಗು ಬರುತ್ತದೋ ಇಲ್ಲವೋ.

ತೊರೆಮೂಲೆ ಅಂತ ಒಂದು ಬೆಟ್ಟದೂರು. ಅಲ್ಲಿ ಗದ್ದೆಗಳೆಲ್ಲ ಮೆಟ್ಟಿಲು ಮೆಟ್ಟಿಲು. ನೆತ್ತಿಯಲ್ಲಿ ನೀರು ಉಕ್ಕುವ ಒಂದು ಊಟೆ, ಊಟೆಯಿಂದ ಒಂದೇ ಒಂದು ಕಾಲುವೆ. ಯಾರಿಗೆ ಯಾವಾಗ ನೀರು ಅನ್ನುವುದಕ್ಕೆ ಪಾಳಿ ಉಂಟು, ಪಾಳಿ ಕಾಯುವುದಕ್ಕೆ ನೀರುಗಂಟಿ ಉಂಟು. ನೀರುಗಂಟಿಯ ಕೈಗೆ ಒಂದು ಬಿದಿರುಕೋಲು, ಹೊಟ್ಟೆಗೆ ಎಲ್ಲಕ್ಕಿಂತ ಕೆಳಗಿನ ತುಂಡುಗದ್ದೆ. ಕೋಲು ಇರುವ ತನಕ ಗದ್ದೆ. ಕೋಲು ಹೋದರೆ ಗದ್ದೆಯೂ ಹೋಯಿತು.

ನೀರುಗಂಟಿ ಸತ್ತ. ಹೆಂಡತಿ ದುಂಡಮ್ಮ ಉಳಿದಳು, ಮಗ ಜಡೆಯ ಉಳಿದ. ಜಡೆಯನಿಗೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಬಿಡುವವನಲ್ಲ, ಹೇಳದ್ದನ್ನು ಮಾಡುವವನಲ್ಲ.

ದುಂಡಮ್ಮನಿಗೆ ಉಬ್ಬಸ. ನಾಲ್ಕು ಮೆಟ್ಟಿಲು ಹತ್ತಿದರೆ ಐದನೆಯದರಲ್ಲಿ ಕೂರುತ್ತಿದ್ದಳು. "ನಾನು ಕಣ್ಮುಚ್ಚುದ್ಮೇಲೆ ಇವನ ತಟ್ಟೆಗೆ ಹಿಟ್ಟು ಇಕ್ಕೋರು ಯಾರು?" ಅಂತ ಊರಿನ ಯಜಮಾನ ಕೆಂಡಗಣ್ಣಪ್ಪನ ಮುಂದೆ ಸೆರಗೊಡ್ಡಿದಳು.

"ಈ ಬೆಳೆ ಕುಯ್ಯೋಗಂಟ ನೋಡ್ತೀನಿ ದುಂಡವ್ವ. ನೆಟ್ಟಗೆ ನೀರು ಕಟ್ಟುದ್ರೆ ಕೋಲು ಅವನ್ದೇ. ಇಲ್ದಿದ್ರೆ ಬೇರೆಯೋರ್ಗೆ ಕೊಟ್ಬುಡ್ತೀನಿ."

ಮಾರನೇ ದಿನ ದುಂಡಮ್ಮ ಮಗನ ಕೈಗೆ ಕೋಲು ಕೊಟ್ಟಳು. "ಹೋಗ್ಲಾ ಮಗ. ಬೊಮ್ಮಜ್ಜನ ಗದ್ದೆ ಕಂಡಿ ತೆಗಿ. ಗದ್ದೆ ತುಂಬ್ತಲೂ ಮನೆಗೆ ಬಾ."

ಜಡೆಯ ಹೋದ. ಬದುವಿನ ಕಂಡಿ ತೆಗೆದ. ಗದ್ದೆ ತುಂಬಿತು. ಮನೆಗೆ ಬಂದ. ನೀರು ಮಾತ್ರ ನಿಲ್ಲಲಿಲ್ಲ. ಬದು ಒಡೆಯಿತು, ಪೈರು ಕಿತ್ತುಕೊಂಡು ಕೆಳಗಿನವರ ಗದ್ದೆಗೆ ನೆಂಟರ ಹಾಗೆ ಹೋಗಿ ಕೂತಿತು.

"ಅಯ್ಯೋ ನನ್ ಕರ್ಮವೇ! ಕಂಡಿ ಮುಚ್ನಿಲ್ವೇನ್ಲಾ?"

"ನೀನು ಹೇಳ್ನಿಲ್ವಲ್ಲವ್ವ!"

"ನೀರು ತುಂಬುದ್ಮೇಲೆ ಮುಚ್ಬೇಕು ಕನ್ಲಾ! ಹಸಿಮಣ್ಣು ಮೆತ್ತಿ, ತುಳ್ದು ತುಳ್ದು ಬಿಗಿಯಾಗಿ ಮುಚ್ಬೇಕು!"

"ಆಗ್ಲಿ ಕನವ್ವ. ಮುಂದ್ಕೆ ಹಂಗೇ ಮಾಡ್ತೀನಿ."

ಮುಂದಕ್ಕೆ ಏನಾಯಿತು? ಮನೆಯಲ್ಲಿ ಕುಡಿಯುವುದಕ್ಕೆ ನೀರಿರಲಿಲ್ಲ. ಊಟೆಗೆ ಹೋಗಿ ಒಂದು ಗಡಿಗೆ ತಾ ಅಂದಳು. ಜಡೆಯ ಹೋದ. ಗಡಿಗೆ ತುಂಬಿತು. ತುಂಬಿದ ಮೇಲೆ? ಗಡಿಗೆಯ ಬಾಯಿಗೆ ಹಸಿಮಣ್ಣು ಮೆತ್ತಿದ. ಗಡಿಗೆಯನ್ನು ಕಾಲಿನಿಂದ ತುಳಿಯುವುದಕ್ಕೆ ಆಗಲಿಲ್ಲ ನೋಡಿ, ಗುದ್ದಿ ಗುದ್ದಿ ಬಿಗಿ ಮಾಡಿದ. ಬೆವರು ಸುರಿಸಿಕೊಂಡು ತಂದು ಅವ್ವನ ಮುಂದಿಟ್ಟ.

ದುಂಡಮ್ಮ ಲೋಟ ಅದ್ದಿದಳು. ಬಂದದ್ದು ಕೆಸರು.

"ಕುಡಿಯೋ ನೀರ್ಗೆ ಮಣ್ಣು ಹಾಕ್ದೇನ್ಲಾ ಹಾಳಾದೋನೇ! ನೀರು ಅಂದ್ರೆ ಬಟ್ಟೆ ಕಟ್ಟಿ ಸೋಸ್ಬೇಕು. ಕಸಕಡ್ಡಿ ಬಟ್ಟೇಲಿ ನಿಲ್ಬೇಕು, ತಿಳಿನೀರು ಕೆಳಿಕ್ಕೆ ಇಳೀಬೇಕು!"

"ಆಗ್ಲಿ ಕನವ್ವ. ಮುಂದ್ಕೆ ಹಂಗೇ ಮಾಡ್ತೀನಿ."

ಮಾಡಿದ. ಕಾಲುವೆಯ ನೀರಿನಲ್ಲಿ ಎಷ್ಟೊಂದು ಕಸಕಡ್ಡಿ! ಪಾಪ, ಭತ್ತ ಇದನ್ನು ಹೇಗೆ ಕುಡಿದೀತು? ಮನೆಗೆ ಓಡಿಬಂದ, ಪೆಟ್ಟಿಗೆ ತೆಗೆದ. ಇದ್ದದ್ದು ಒಂದೇ ಒಳ್ಳೆಯ ಬಟ್ಟೆ, ದುಂಡಮ್ಮನ ಧಾರೆಸೀರೆ. ಅದನ್ನು ಕಾಲುವೆಗೆ ಅಡ್ಡ ಬಿಗಿದ. ಹೊಂಗೆ ಎಲೆ ಬಂದು ನಿಂತವು, ಬಿದಿರಿನ ತರಗು ಬಂದು ನಿಂತಿತು, ಕೊನೆಗೆ ನೀರೇ ನಿಂತಿತು. ನಿಂತ ನೀರು ಪಕ್ಕಕ್ಕೆ ಹಾರಿ ಕಮರಿಗೆ ಬಿತ್ತು. ಕೆಳಗಿನ ಗದ್ದೆಗಳು ಆ ದಿನ ನೀರಿನ ಮುಖ ಕಾಣಲಿಲ್ಲ.

ಊರು ಬಾಗಿಲಿಗೆ ಬಂತು. ಹರಿದ ಸೀರೆಯನ್ನು ಮಡಿಲಲ್ಲಿ ಇಟ್ಟುಕೊಂಡು ದುಂಡಮ್ಮ ಕೂತಿದ್ದಳು. ಅಳಲಿಲ್ಲ, ಅಂಚಿಗೆ ಹತ್ತಿದ ತರಗು ಬಿಡಿಸುತ್ತಿದ್ದಳು. ಅವ್ವ ಬೈಯದೇ ಇದ್ದದ್ದು ಜಡೆಯನಿಗೆ ಬೈದದ್ದಕ್ಕಿಂತ ಕಷ್ಟವಾಯಿತು.

ಈ ಸಲ ಬೈದವನು ಕೆಂಡಗಣ್ಣಪ್ಪ.

"ಲೇ ಜಡೆಯ! ನೀರ ಸೋಸೋದು ನಿನ್ ಕೆಲ್ಸ ಅಲ್ಲ, ಪಾಳಿ ಕಾಯೋದು ನಿನ್ ಕೆಲ್ಸ! ಬೆಳಗಿನ ಬಿಸ್ಲು ಆ ಬಂಡೆ, ಆನೆಕಲ್ಲು ಮುಟ್ತೋ, ಒಬ್ಬನ ಪಾಳಿ ಮುಗೀತು, ಇನ್ನೊಬ್ಬನ್ದು ಸುರುವಾಯ್ತು. ಪಾಳಿ ಬರ್ದೆ ಯಾರ್ಗೂ ಒಂದು ತೊಟ್ಟು ಬುಡ್ಬೇಡ. ಅತ್ರೂ ಬುಡ್ಬೇಡ, ಕಾಲಿಗೆ ಬಿದ್ರೂ ಬುಡ್ಬೇಡ. ನಿನ್ನ ಹೆತ್ತವ್ವ ಬಾಯಾರಿ ಬಂದು ಕೇಳುದ್ರೂ ಬುಡ್ಬೇಡ! ಇದೊಂದು ತಪ್ಪುದ್ರೆ ಕೋಲು ಕಿತ್ಕೊತೀನಿ."

"ಆಗ್ಲಿ ಯಜಮಾನ್ರೇ. ಮುಂದ್ಕೆ ಹಂಗೇ ಮಾಡ್ತೀನಿ."

ಹಾಗೇ ಮಾಡಿದ! ಊರೇ ಬೆರಗಾಯಿತು. ಬೊಮ್ಮಜ್ಜ ಬೆಲ್ಲ ಕೊಡುತ್ತೇನೆ ಅಂದ, ಬಿಡಲಿಲ್ಲ. ಕೆಂಡಗಣ್ಣಪ್ಪನ ಸೊಸೆ ಎಮ್ಮೆ ತೊಳೆಯುವುದಕ್ಕೆ ಒಂದು ಬಿಂದಿಗೆ ಮೊಗೆದರೆ, ಬಿಂದಿಗೆ ಕಿತ್ತು ಕಾಲುವೆಗೇ ಸುರಿದ. ಗದ್ದೆಗಳೆಲ್ಲ ಒಂದೇ ಸಮ ತೆನೆ ಕಟ್ಟಿದವು. "ಪೆದ್ದನ್ಗೆ ಲಂಚ ಗೊತ್ತಿಲ್ಲ ಕನ್ರಪ್ಪ, ಅದ್ಕೇ ನೀರು ನೆಟ್ಟಗೆ ಬತ್ತಾ ಅದೆ" ಅಂತ ಬೊಮ್ಮಜ್ಜನೇ ನಕ್ಕ. ದುಂಡಮ್ಮ ಕುಯ್ಲಿಗೆ ದಾರಿ ನೋಡುತ್ತಿದ್ದಳು. ಕುಯ್ಲಾದರೆ ಕೋಲು ಮಗನದು.

ಕುಯ್ಲು ಬರಲಿಲ್ಲ, ಜ್ವರ ಬಂತು.

ಅವತ್ತು ಜಡೆಯ ಹಗಲೆಲ್ಲ ಕಾಲುವೆ ಕಾದು ಸಂಜೆಗೆ ಬಂದರೆ ಅವ್ವನ ತುಟಿ ಒಣಗಿ ಬಿರಿದಿತ್ತು. ಗಡಿಗೆ ಬರಿದು. ಕತ್ತಲಾದರೆ ಊಟೆಗೆ ಆನೆ ಇಳಿಯುತ್ತವೆ, ಯಾರೂ ಹೋಗುವ ಹಾಗಿಲ್ಲ. ಆದರೆ ಮನೆಯ ಪಕ್ಕದಲ್ಲೇ ಕಾಲುವೆ ಜುಳುಜುಳು ಅನ್ನುತ್ತಿತ್ತು.

"ಒಂದು ಗುಟ್ಕು ನೀರು ಮೊಗ್ಕೊಂಡು ಬಾ ಮಗ."

ಜಡೆಯ ಲೋಟ ಹಿಡಿದು ಎದ್ದ. ಬಾಗಿಲಿಗೆ ಹೋದ. ನಿಂತ.

"ಇದು ಬೊಮ್ಮಜ್ಜನ ಪಾಳಿ ಕನವ್ವ. ನಮ್ದು ನಾಳೆ, ಬಿಸ್ಲು ಆನೆಕಲ್ಲು ಮುಟ್ಟುದ್ಮೇಲೆ."

ದುಂಡಮ್ಮ ಮಗನನ್ನೇ ನೋಡಿದಳು. ಬಲವಂತ ಮಾಡಿದ್ದರೆ ತರುತ್ತಿದ್ದನೋ ಏನೋ. ಆದರೆ ಇವತ್ತು ಬೊಮ್ಮಜ್ಜನ ನೀರು ಮುಟ್ಟು ಅಂದರೆ, ನಾಳೆ ಯಾರ ನೀರಾದರೂ ಮುಟ್ಟುತ್ತಾನೆ. ಅವನಿಗೆ ನಡುವಿನ ದಾರಿ ಗೊತ್ತಿಲ್ಲ.

"ಸರಿ ಬುಡ್ಲಾ" ಅಂದಳು. "ನಮ್ ಪಾಳಿ ಬತ್ತಲೂ ಮೊದ್ಲು ನನ್ ತಾವ್ಕೆ ಬುಡು ನೀರ."

"ಆಗ್ಲಿ ಕನವ್ವ. ಹಂಗೇ ಮಾಡ್ತೀನಿ."

ಮಾರನೇ ದಿನ ಬಿಸಿಲು ಆನೆಕಲ್ಲು ದಾಟಿದ ಮೇಲೆ ಬೊಮ್ಮಜ್ಜ ಬಂದು ನೋಡಿ ಕೂಗಿಕೊಂಡ. ಕೆಂಡಗಣ್ಣಪ್ಪ ಓಡಿಬಂದ. ಕಾಲುವೆಯಿಂದ ಮನೆ ಬಾಗಿಲಿಗೆ ಒಂದು ಹೊಸ ತೋಡು. ಹೊಸ್ತಿಲಿಗೆ ಅಡ್ಡ, ಹರಿದ ಧಾರೆಸೀರೆ ಕಟ್ಟಿತ್ತು. ತರಗೆಲ್ಲ ಆಚೆ ನಿಂತು, ತಿಳಿನೀರು ಒಳಗಿಳಿದು, ದುಂಡಮ್ಮನ ಚಾಪೆಯ ಸುತ್ತ ನಿಂತಿತ್ತು. ಒಳಗೆ ತುಂಬಿದ ಮೇಲೆ ಜಡೆಯ ತೋಡಿನ ಕಂಡಿಯನ್ನು ಹಸಿಮಣ್ಣು ಮೆತ್ತಿ, ತುಳಿದು ತುಳಿದು ಮುಚ್ಚಿದ್ದ. ಅವ್ವನ ಪಕ್ಕ ಲೋಟ ಹಿಡಿದು ಕೂತಿದ್ದ. ನೀರು ತುಟಿಯಿಂದ ಕೆನ್ನೆಗೆ ಇಳಿದುಹೋಗುತ್ತಿತ್ತು.

"ಏನ್ಲಾ ಇದು?"

"ನಮ್ ಪಾಳಿ ಯಜಮಾನ್ರೇ. ಅವ್ವ ನಿನ್ನೆ ಸಂಜೇಲಿ ಕೇಳುದ್ಲು, ನಾನು ಬುಡ್ನಿಲ್ಲ. ಈಗ ತಂದಿವ್ನಿ, ಎಷ್ಟು ಕೂಗುದ್ರೂ ಏಳಾಕಿಲ್ಲ."

ಕೆಂಡಗಣ್ಣಪ್ಪ ಕೈ ಎತ್ತಿದ. "ಹೆತ್ತವ್ವ ಕೇಳುದ್ರೂ..." ಅಂದ. ಆ ಮಾತು ಯಾರದ್ದು ಅಂತ ನೆನಪಾಯಿತು. ಎತ್ತಿದ ಕೈ ಇಳಿಯಿತು. ನೀರಿನಲ್ಲಿ ತೇಲುತ್ತಿದ್ದ ಬಿದಿರುಕೋಲನ್ನು ಎತ್ತಿ, ಪಂಚೆಯಲ್ಲಿ ಒರೆಸಿ, ಜಡೆಯನ ಕೈಗೇ ಕೊಟ್ಟ.

ಜಡೆಯ ಕೋಲು ಹಿಡಿದು ಬೈಗುಳಕ್ಕೆ ಕಾದ. ಯಜಮಾನ ಬೈಯಲಿಲ್ಲ. ಬೊಮ್ಮಜ್ಜ ಬೈಯಲಿಲ್ಲ. ಅವ್ವನ ಕಡೆ ನೋಡಿದ, ಅವ್ವನೂ ಬೈಯಲಿಲ್ಲ.

"ಸೋಸಿವ್ನಿ, ಮುಚ್ಚಿವ್ನಿ, ಪಾಳಿ ತಪ್ಪಿಸ್ನಿಲ್ಲ" ಅಂದ. "ಎಲ್ಲಿ ತಪ್ಪಾಯ್ತು, ಯಾರಾರ ಹೇಳ್ರಪ್ಪ. ಮುಂದ್ಕೆ ಹಂಗ್ ಮಾಡಾಕಿಲ್ಲ."