ಕೊಂಬೆಯ ಮೇಲಿನ ಡೋಲು

ಬನ್ನಿ ಮಕ್ಕಳೇ, ಹತ್ತಿರ ಕೂತ್ಕೊಳ್ಳಿ. ಒಂದು ಕಾಡು, ಆ ಕಾಡಲ್ಲೊಂದು ಕೆರೆ. ಕೆರೆಯ ದಡದ ಹೊಂಗೆ ಮರದ ಬುಡದಲ್ಲಿ ಪ್ರಾಣಿಗಳ ಶಾಲೆ. ಅಲ್ಲಿಗೆ ಲಂಬಯ್ಯ ಅನ್ನೋ ಕರಿಮೂತಿಯ ಮುಸುವ ಕೋತಿ ಮೇಷ್ಟ್ರು.

ಪಾಠವೆಲ್ಲ ಕೆಳಗೆ. ಶನಿವಾರದ ಆಟ, ಹಾಡು, ಕುಣಿತ ಮಾತ್ರ ಮೇಲೆ. ಡೋಲು, ಗೆಜ್ಜೆ, ಉಯ್ಯಾಲೆ ಎಲ್ಲವನ್ನೂ ಮೇಷ್ಟ್ರು ಎತ್ತರದ ಕೊಂಬೆಗೆ ಕಟ್ಟಿದ್ದರು. ಅವರ ಮೇಷ್ಟ್ರೂ ಅಲ್ಲೇ ಕಟ್ಟಿದ್ದರಂತೆ.

ಶನಿವಾರ ಬಂತೆಂದರೆ ಅಳಿಲುಗಳು, ಕೋತಿಮರಿಗಳು ಸರಸರನೆ ಹತ್ತಿ ಕುಣಿಯುತ್ತಿದ್ದವು. ಆಮೆ, ಕಪ್ಪೆ, ಮೊಲದ ಮಕ್ಕಳು ಕೆಳಗೆ ಮುಳ್ಳು ಸರಿಸಿಕೊಂಡು ಕೂರುತ್ತಿದ್ದವು. ಮೇಷ್ಟ್ರು ಮೇಲಿಂದ ಬಗ್ಗಿ ನೋಡಿ, ಇವಕ್ಕೆ ಆಸಕ್ತಿಯೇ ಇಲ್ಲ, ಬರೀ ಸೋಮಾರಿಗಳು ಅಂದುಕೊಳ್ಳುತ್ತಿದ್ದರು.

ಒಂದು ದಿನ ಕಾಡಿನ ಹಿರಿಯಳು ಆನೆ ದ್ಯಾವಮ್ಮ ಬಂದಳು. ಅರ್ಧ ಮಕ್ಕಳು ಆಡುವುದೇ ಇಲ್ಲ ಅನ್ನುವ ಸುದ್ದಿ ಅವಳ ಅಗಲ ಕಿವಿಗೆ ಬಿದ್ದಿತ್ತು.

"ಈ ಶನಿವಾರ ಬಂದು ನೋಡ್ತೀನಿ ಲಂಬಯ್ಯ. ಎಲ್ಲರೂ ಆಟಕ್ಕೆ ಸೇರದಿದ್ದರೆ ಆಟದ ಹೊತ್ತಲ್ಲೂ ಮಗ್ಗಿ ಹೇಳಿಸು. ಡೋಲು ಯಾರಿಗೆ ಬೇಕು?"

ಡೋಲೆಂದರೆ ಮೇಷ್ಟ್ರಿಗೆ ಪ್ರಾಣ. ಕೆಳಗಿನ ಮಕ್ಕಳನ್ನು ಗದರಿಸಿದರು, ಪುಸಲಾಯಿಸಿದರು. ಒಂದೂ ಮೇಲೆ ಬರಲಿಲ್ಲ. ಕೊನೆಗೆ ಆಮೆ ಕಲ್ಲವ್ವನ ಚಿಪ್ಪಿಗೆ ಬಳ್ಳಿ ಬಿಗಿದು, ಕೊಂಬೆಯ ಮೇಲೆ ನಿಂತು ಎಳೆದೇ ಎಳೆದರು. ಅರ್ಧಕ್ಕೆ ಬಂದ ಕಲ್ಲವ್ವ ಗಾಳಿಯಲ್ಲೇ ಈಜುತ್ತಾ, "ಮೇಷ್ಟ್ರೇ, ತಲೆ ಸುತ್ತುತ್ತೆ, ಇಳಿಸಿಬಿಡಿ" ಅಂದಳು. ಅಷ್ಟರಲ್ಲಿ ಬಳ್ಳಿ ಪಟಕ್ಕೆಂದು ಹರಿಯಿತು. ಕಲ್ಲವ್ವ ಕೆರೆಗೆ ಬಿದ್ದಳು. ಮೇಷ್ಟ್ರು ಮುಳ್ಳಿಗೆ.

ಮೇಷ್ಟ್ರ ಕಾಲು ಉಳುಕಿತು, ಮರ ಹತ್ತುವ ಹಾಗಿಲ್ಲ. ಅವತ್ತು ಸಂಜೆ ಕೊಂಬೆಯ ಮೇಲೆ ಶನಿವಾರದ ಕುಣಿತದ ಅಭ್ಯಾಸ ನಡೆಯುವಾಗ ಮೇಷ್ಟ್ರು ಮೊದಲ ಸಲ ಕೆಳಗಿನ ಮಕ್ಕಳ ಜೊತೆ ಕೂತರು. ಕತ್ತು ಎಷ್ಟು ಎತ್ತಿದರೂ ಕಾಣುವುದು ಎಲೆ ಮಾತ್ರ. ಕಣ್ಣಿಗೆ ತೊಗಟೆ ಪುಡಿ ಬಿತ್ತು.

"ಇಲ್ಲಿಂದ ಯಾವಾಗಲೂ ಹೀಗೇನಾ?" ಅಂದರು.

"ಹೀಗೇ ಮೇಷ್ಟ್ರೇ. ಆದರೂ ಡೋಲಿನ ಸದ್ದು ಒಂಚೂರು ಕೇಳುತ್ತೆ" ಅಂದಳು ಕಲ್ಲವ್ವ.

ಆಗ ನೋಡುತ್ತಾರೆ, ಅವಳ ಪುಟ್ಟ ಉಗುರು ಅದೇ ತಾಳಕ್ಕೆ ಕಲ್ಲನ್ನು ಕುಟ್ಟುತ್ತಿದೆ. ಎಷ್ಟು ದಿನದಿಂದ ಕುಟ್ಟುತ್ತಿತ್ತೋ.

ಮಾರನೇ ದಿನವೇ ಡೋಲು, ಗೆಜ್ಜೆ ಕೆಳಗಿಳಿದವು. ಎಲ್ಲರೂ ಸೇರಿ ಮುಳ್ಳು ಕಿತ್ತು ನೆಲ ಹಸನು ಮಾಡಿದರು. ಹಾಡುವ ಕಪ್ಪೆಗಳಿಗೆ ಒಂದು ನೀರಿನ ಗುಂಡಿ, ಉಯ್ಯಾಲೆ ತಗ್ಗಿನ ಕೊಂಬೆಗೆ.

ಶನಿವಾರ ದ್ಯಾವಮ್ಮ ಬಂದಾಗ ಕಪ್ಪೆಗಳು ಹಾಡುತ್ತಿದ್ದವು, ಅಳಿಲು ಮೊಲಗಳು ಕೈಕೈ ಹಿಡಿದು ಕುಣಿಯುತ್ತಿದ್ದವು. ಡೋಲಿನ ಮುಂದೆ ಕಲ್ಲವ್ವ. ಆನೆ ಡೋಲಿನ ಹತ್ತಿರ ಬಂದು ನಿಂತಳು.

"ನಾನೂ ಇದೇ ಶಾಲೇಲಿ ಓದಿದವಳು ಕಣೋ ಲಂಬಯ್ಯ," ಅಂದಳು ದ್ಯಾವಮ್ಮ ಮೆಲ್ಲಗೆ. "ಆಗಲೂ ಡೋಲು ಮೇಲೇ ಇತ್ತು. ನನ್ನ ಪುಟ್ಟ ಸೊಂಡಿಲಿಗೆ ಎಟುಕಲೇ ಇಲ್ಲ. ಈಗ ಒಂದು ಸಲ ಬಾರಿಸಲಾ?"

ಕಲ್ಲವ್ವ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಢಂ ಅಂತ ಬಿತ್ತು ನೋಡಿ ಪೆಟ್ಟು, ಕೆರೆಯ ನೀರೆಲ್ಲ ನಕ್ಕ ಹಾಗೆ ಅಲುಗಿತು. ಮಗ್ಗಿಯ ಮಾತನ್ನು ಅವತ್ತು ಯಾರೂ ಎತ್ತಲಿಲ್ಲ.

ನೀತಿ: ಮಕ್ಕಳಿಗೆ ಆಸಕ್ತಿಯಿಲ್ಲ ಎನ್ನುವ ಮೊದಲು, ಆಡುವ ಜಾಗವೂ ಸಾಮಾನೂ ಅವರ ಕೈಗೆ ಎಟುಕುತ್ತವೆಯೇ ಎಂದು ನೋಡಬೇಕು.